ಬಾಬಯ್ಯನ ಪಂಜದ ಹಿಂದೆ ಒಂದು ಕುರ್ಚಿಯ ಜಗಳ

ಗುಬ್ಬಿ, ಕುಣಿಗಲ್ ಕಡೆಯ ವೀಕ್ಷಕರಿಗೆ ಬಾಬಯ್ಯನ ಹಬ್ಬ ಏನು ಅಂತ ನಾನು ಹೇಳಬೇಕಾಗಿಲ್ಲ. ಮೊಹರಂ ಬಂದರೆ ಪಂಜ ಹೊರಡುತ್ತೆ, ಕೊಂಡ ಹಾಯ್ತಾರೆ, ಹರಕೆ ಹೊತ್ತವರಲ್ಲಿ ಹಿಂದೂಗಳೂ ಇರ್ತಾರೆ. ಆದರೆ ಆ ಲೋಹದ ಅಂಗೈಯ ಐದು ಬೆರಳು ಯಾರು ಗೊತ್ತಾ? ಪ್ರವಾದಿ ಮುಹಮ್ಮದ್, ಮಗಳು ಫಾತಿಮಾ, ಅಳಿಯ ಅಲಿ, ಮೊಮ್ಮಕ್ಕಳಾದ ಹಸನ್ ಮತ್ತು ಹುಸೇನ್. ಟಿವಿಯಲ್ಲಿ ನಾವು ‘ಷಿಯಾ–ಸುನ್ನಿ ಸಂಘರ್ಷ’ ಅಂತ ಕೆಳಗೆ ಪಟ್ಟಿ ಓಡಿಸಿ ಮುಂದಿನ ಸುದ್ದಿಗೆ ಹೋಗಿಬಿಡ್ತೀವಿ. ಆ ಸಂಘರ್ಷದ ಬೇರು ಈ ಐದು ಬೆರಳಲ್ಲೇ ಇದೆ.

632ರಲ್ಲಿ ಪ್ರವಾದಿ ತೀರಿಕೊಂಡರು. ಅಲಿ ಅಂತ್ಯಕ್ರಿಯೆಯ ಸಿದ್ಧತೆಯಲ್ಲಿದ್ದಾಗಲೇ ಮದೀನಾದಲ್ಲಿ ಒಂದು ಸಭೆ ಸೇರಿ ಅಬೂಬಕರ್ ಅವರನ್ನು ಖಲೀಫರನ್ನಾಗಿ ಆರಿಸಿತು. ಎರಡು ವರ್ಷದ ನಂತರ ಸಾಯುವ ಮುನ್ನ ಅವರು ಉಮರ್ ಹೆಸರು ಹೇಳಿದರು. 644ರಲ್ಲಿ ಇರಿತಕ್ಕೊಳಗಾದ ಉಮರ್, ಆರು ಜನರ ಸಮಿತಿ ಮಾಡಿದರು. ಅದು ಉಸ್ಮಾನ್ ಅವರನ್ನು ಆರಿಸಿತು. ಮೂರು ಸಲ, ಮೂರು ವಿಧಾನ. ನಿಯಮ ಅನ್ನೋದೇ ಇರಲಿಲ್ಲ.

ಮದೀನಾ ಒಂದೇ ಊರಾಗಿದ್ದರೆ ಇದು ಹೇಗೋ ನಡೀತಿತ್ತು. ಆದರೆ ಅಷ್ಟರಲ್ಲಿ ಸಿರಿಯಾ, ಇರಾಕ್, ಈಜಿಪ್ಟ್ ಗೆದ್ದಾಗಿತ್ತು, ಪರ್ಷಿಯಾದ ಸಾಸಾನಿ ಸಾಮ್ರಾಜ್ಯ ಕುಸಿದಿತ್ತು. ಗೆದ್ದ ನಾಡಿನ ಕಂದಾಯ ಬರತೊಡಗಿತು. ಸೈನಿಕರಿಗೆ ಭತ್ಯೆ ಹಂಚಲು ಉಮರ್ ‘ದಿವಾನ್’ ಎಂಬ ದಾಖಲೆ ಪುಸ್ತಕವನ್ನೇ ಶುರುಮಾಡಿದ್ದರು. ಈಗ ಖಲೀಫ ಅಂದ್ರೆ ಪ್ರಾರ್ಥನೆಗೆ ಮುಂದೆ ನಿಲ್ಲುವವನಷ್ಟೇ ಅಲ್ಲ. ಈಜಿಪ್ಟಿಗೆ ಯಾರು ಗವರ್ನರ್, ಯಾರಿಗೆ ಎಷ್ಟು ಪಾಲು ಅಂತ ತೀರ್ಮಾನಿಸುವವನು. ನಾನು ಓದಿದ ಎಂಜಿನಿಯರಿಂಗ್ ಭಾಷೆಯಲ್ಲಿ ಹೇಳೋದಾದ್ರೆ, ಒಂದು ಹಳ್ಳಿಗೆ ಕೂರಿಸಿದ ಟ್ರಾನ್ಸ್‌ಫಾರ್ಮರಿಗೆ ಮೂರು ಜಿಲ್ಲೆಯ ಲೈನ್ ಎಳೆದ ಹಾಗೆ.

ಸುಟ್ಟುಹೋಗಿದ್ದು 656ರಲ್ಲಿ. ಉಸ್ಮಾನ್ ಸಂಬಂಧಿಕರಿಗೇ ಹುದ್ದೆ ಕೊಡ್ತಾರೆ ಅಂತ ಈಜಿಪ್ಟಿನಿಂದ ದೂರು ತಂದ ಸೈನಿಕರು ಮದೀನಾದಲ್ಲಿ ಅವರ ಮನೆಗೆ ಮುತ್ತಿಗೆ ಹಾಕಿದರು, ಕೊನೆಗೆ ಅವರ ಕೊಲೆಯಾಯಿತು. ಆಮೇಲೆ ಅಲಿ ಖಲೀಫರಾದರು. ಆದರೆ ಉಸ್ಮಾನರ ಬಂಧು, ಸಿರಿಯಾದ ಗವರ್ನರ್ ಮುಆವಿಯಾ ಒಪ್ಪಲಿಲ್ಲ. ಮೊದಲು ಕೊಲೆಗಾರರಿಗೆ ಶಿಕ್ಷೆಯಾಗಲಿ ಅಂದ. ಅಂತರ್ಯುದ್ಧ ನಡೆಯಿತು. 661ರಲ್ಲಿ ಕೂಫಾದ ಮಸೀದಿಯಲ್ಲಿ ಅಲಿ ಮೇಲೆ ಕತ್ತಿ ಬಿತ್ತು. ಹಸನ್ ಅಧಿಕಾರ ಬಿಟ್ಟುಕೊಟ್ಟರು. ಮುಆವಿಯಾ ತಾನು ಬದುಕಿರುವಾಗಲೇ ಮಗ ಯಜೀದನಿಗೆ ನಿಷ್ಠೆಯ ಪ್ರಮಾಣ ಮಾಡಿಸಿದ. ಸಭೆ, ಸಮಿತಿ ಎಲ್ಲ ಹೋಗಿ ಅಪ್ಪನಿಂದ ಮಗನಿಗೆ!

ಹುಸೇನ್ ಪ್ರಮಾಣ ಮಾಡಲಿಲ್ಲ. 680ರಲ್ಲಿ, ಮೊಹರಂ ಹತ್ತನೇ ದಿನ, ಯೂಫ್ರೆಟಿಸ್ ನದಿಗೆ ಹತ್ತಿರದ ಕರ್ಬಲಾದಲ್ಲಿ ಅವರನ್ನೂ ಅವರ ಸಣ್ಣ ತಂಡವನ್ನೂ ಯಜೀದನ ಸೇನೆ ಕೊಂದಿತು. ಅಲಿಯ ವಂಶಕ್ಕೇ ನಾಯಕತ್ವ ಸೇರಬೇಕಿತ್ತು ಅನ್ನುವವರು ಷಿಯಾಗಳು. ಮೊದಲ ನಾಲ್ವರೂ ಸರಿಯಾದ ಖಲೀಫರೇ ಅನ್ನುವವರು ಸುನ್ನಿಗಳು. ಹುಸೇನರ ಸಾವಿಗೆ ಇಬ್ಬರೂ ಮರುಗುತ್ತಾರೆ, ಇದನ್ನು ನಮ್ಮ ಚರ್ಚೆಗಳಲ್ಲಿ ಯಾರೂ ಹೇಳಲ್ಲ.

ನಮ್ಮ ಜಿಲ್ಲೆಯ ಶಿರಾವನ್ನು ಹದಿನೇಳನೇ ಶತಮಾನದಲ್ಲಿ ಆಳಿದ ಬಿಜಾಪುರದ ಆದಿಲ್‌ಶಾಹಿಗಳಲ್ಲಿ ಹಲವರು ಷಿಯಾಗಳು. 1687ರಲ್ಲಿ ಅದನ್ನು ಪ್ರಾಂತ್ಯದ ರಾಜಧಾನಿ ಮಾಡಿದ ಮೊಘಲ್ ದೊರೆ ಔರಂಗಜೇಬ್ ಸುನ್ನಿ. ಕರ್ಬಲಾದಲ್ಲಿ ಹುಸೇನರ ಡೇರೆಗಳಿಗೆ ನದಿ ನೀರನ್ನೂ ಬಿಟ್ಟಿರಲಿಲ್ಲ. ಮೊಹರಂ ದಿನ ದಾರಿಹೋಕರಿಗೆ ಶರಬತ್ತು ಕೊಡುವುದು ಆ ಬಾಯಾರಿಕೆಯ ನೆನಪಿಗೆ.