ಯಾರದೋ ಮನೆ, ಎರಡು ರಾತ್ರಿಯ ಯಜಮಾನಿಕೆ

ಲಂಡನ್ನಿನಿಂದ ಪಶ್ಚಿಮಕ್ಕೆ, ಹೀಥ್ರೋ ವಿಮಾನ ನಿಲ್ದಾಣದಿಂದ ಕಾರಿನಲ್ಲಿ ಅರ್ಧ ಗಂಟೆ ಹೋದರೆ, ಥೇಮ್ಸ್ ನದಿಯನ್ನು ಮೇಲಿಂದ ನೋಡುತ್ತ ಒಂದು ಕಾಡುಗುಡ್ಡದ ನೆತ್ತಿಯಲ್ಲಿ ಕ್ಲಿವ್ಡನ್ ಹೌಸ್ ಇದೆ. ಮದುವೆಯ ವಾರ್ಷಿಕೋತ್ಸವ, ಐವತ್ತನೆಯ ಹುಟ್ಟುಹಬ್ಬ, ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಇಬ್ಬರೇ ಇರಬೇಕೆಂಬ ಹಂಬಲ: ನೆಪ ಯಾವುದಾದರೂ ಆಗಲಿ, ಶುಕ್ರವಾರ ಸಂಜೆ ಬಂದು ಭಾನುವಾರ ಹೊರಡುವ ಜೋಡಿಗಳಿಗೆಂದೇ ಇಂಗ್ಲೆಂಡಿನಲ್ಲಿ ಒಂದು ಬಗೆಯ ಹೋಟೆಲುಗಳಿವೆ. ಹಳೆಯ ಸಿರಿವಂತರು ಹಳ್ಳಿಗಾಡಿನಲ್ಲಿ ಕಟ್ಟಿಸಿಕೊಂಡ ಮಹಲುಗಳು ಅವು. ಕಂಟ್ರಿ ಹೌಸ್ ಹೋಟೆಲ್ ಎನ್ನುತ್ತಾರೆ. ಅವುಗಳಲ್ಲಿ ಕ್ಲಿವ್ಡನ್ನಿನ ಹೆಸರು ದೊಡ್ಡದು. 2018ರ ಮೇ 18ರ ರಾತ್ರಿ, ಬ್ರಿಟಿಷ್ ರಾಜಮನೆತನದ ಸೊಸೆಯಾಗಲಿದ್ದ ಮೇಗನ್ ಮಾರ್ಕಲ್ ತಮ್ಮ ತಾಯಿಯೊಂದಿಗೆ ಇಲ್ಲೇ ಉಳಿದು, ಮರುದಿನ ಇಲ್ಲಿಂದಲೇ ಮದುವಣಗಿತ್ತಿಯಾಗಿ ವಿಂಡ್ಸರ್‌ಗೆ ಹೊರಟರು.

ಹೋಟೆಲು ಮಾರುವುದು ಪ್ರಣಯವನ್ನು. ಆದರೆ ಮನೆಯ ಚರಿತ್ರೆ ಓದಿಕೊಂಡು ಹೋದವರಿಗೆ ತುಟಿಯಂಚಿನಲ್ಲಿ ನಗು ಬರದೆ ಇರದು. ಇಲ್ಲಿ ನಡೆದು ಹೆಸರಾದ ಪ್ರಣಯಗಳೆಲ್ಲ ಇನ್ನೊಬ್ಬರ ಹೆಂಡತಿಯೊಂದಿಗೆ, ಇಲ್ಲವೇ ಕಟ್ಟಿಕೊಂಡ ಹೆಂಡತಿಯ ಕಣ್ಣು ತಪ್ಪಿಸಿ.

ಮನೆಗೆ ಅಡಿಪಾಯ ಹಾಕಿಸಿದವನಿಂದಲೇ ಶುರು. ಬಕಿಂಗ್‌ಹ್ಯಾಮಿನ ಎರಡನೆಯ ಡ್ಯೂಕ್ ಜಾರ್ಜ್ ವಿಲಿಯರ್ಸ್, ದೊರೆ ಎರಡನೆಯ ಚಾರ್ಲ್ಸನ ಆಪ್ತ, 1660ರ ದಶಕದಲ್ಲಿ ಈ ಗುಡ್ಡದ ಮೇಲೆ ಕಣ್ಣಿಟ್ಟ. ಶ್ರೂಸ್‌ಬರಿಯ ಅರ್ಲ್‌ನ ಹೆಂಡತಿ ಅವನ ಪ್ರೇಯಸಿ. 1668ರ ಜನವರಿಯಲ್ಲಿ ಆ ಗಂಡನಿಗೂ ಈ ಪ್ರಿಯಕರನಿಗೂ ಕತ್ತಿ ಕಾಳಗ ನಡೆಯಿತು. ಗಾಯಗೊಂಡ ಗಂಡ ಎರಡು ತಿಂಗಳಲ್ಲಿ ಸತ್ತ. ಆಕೆ ಹುಡುಗನ ವೇಷ ತೊಟ್ಟು ಪ್ರಿಯಕರನ ಕುದುರೆಯ ಲಗಾಮು ಹಿಡಿದು ನಿಂತು ಕಾಳಗ ನೋಡುತ್ತಿದ್ದಳು ಎಂಬ ಕಥೆಯೂ ಇದೆ. ಲಂಡನ್ನಿನ ಹರಟೆಮಲ್ಲರು ಕಟ್ಟಿದ್ದಿರಬೇಕು. ಕ್ಲಿವ್ಡನ್ನಿನ ಉದ್ಯಾನದ ಒಂದು ಮೂಲೆಯಲ್ಲಿ ಒಂದು ಕತ್ತಿಯ ಆಕಾರವನ್ನೂ 1668 ಎಂಬ ಇಸವಿಯನ್ನೂ ಇವತ್ತಿಗೂ ನೆಲದ ಮೇಲೆ ಕಾಣಬಹುದು. ಕೊಲೆಯನ್ನೂ ಹೂದೋಟದ ಅಲಂಕಾರವಾಗಿಸುವುದು ಇಂಗ್ಲಿಷ್ ಸಿರಿವಂತರಿಗೇ ಸರಿ.

ಈಗ ಕಾಣುವ ಮನೆ ಡ್ಯೂಕನದಲ್ಲ. ಅವನದು 1795ರಲ್ಲಿ ಸುಟ್ಟುಹೋಯಿತು, ಅದರ ಜಾಗದಲ್ಲಿ ಎದ್ದದ್ದೂ 1849ರಲ್ಲಿ ಸುಟ್ಟಿತು. ಉಳಿದದ್ದು ನದಿಯ ಕಡೆಗಿನ ಕಮಾನುಗಳ ಜಗಲಿ ಮಾತ್ರ. ಅದರ ಮೇಲೆ 1851ರಲ್ಲಿ ಇಟಲಿಯ ವಿಲ್ಲಾ ಶೈಲಿಯಲ್ಲಿ ಮೂರನೆಯ ಮನೆ ಎಬ್ಬಿಸಿದವರು ಬ್ರಿಟಿಷ್ ಪಾರ್ಲಿಮೆಂಟ್ ಭವನದ ಶಿಲ್ಪಿ ಚಾರ್ಲ್ಸ್ ಬ್ಯಾರಿ. ಸೂರಿನ ಕೆಳಗೆ ಸುತ್ತಲೂ ಓಡುವ ಲ್ಯಾಟಿನ್ ಬರಹ, ಮುಂದೆ ಪ್ರಧಾನಿಯಾದ ಗ್ಲ್ಯಾಡ್‌ಸ್ಟನ್ ಬರೆದುಕೊಟ್ಟದ್ದು. ಇನ್ನೊಂದು ಸಂಗತಿ: ಬ್ರಿಟಿಷ್ ಸಾಮ್ರಾಜ್ಯದ ಜಂಬದ ಹಾಡು ‘ರೂಲ್ ಬ್ರಿಟಾನಿಯಾ’ ಮೊದಲು ಕೇಳಿಬಂದದ್ದು ಇದೇ ತೋಟದಲ್ಲಿ, 1740ರ ಆಗಸ್ಟ್ 1ರಂದು, ಬಾಡಿಗೆಗಿದ್ದ ಯುವರಾಜ ಫ್ರೆಡರಿಕ್ ಏರ್ಪಡಿಸಿದ್ದ ಒಂದು ನಾಟಕದಲ್ಲಿ.

ಕ್ಲಿವ್ಡನ್ನಿಗೆ ನಿಜವಾದ ಮನೆಯ ಕಳೆ ಬಂದದ್ದು ಅಮೆರಿಕದ ದುಡ್ಡಿನಿಂದ. ನ್ಯೂಯಾರ್ಕಿನ ಕುಬೇರ ವಿಲಿಯಂ ವಾಲ್ಡಾರ್ಫ್ ಆಸ್ಟರ್ 1893ರಲ್ಲಿ ಇದನ್ನು ಕೊಂಡ. ರೋಮಿನ ವಿಲ್ಲಾ ಬೋರ್ಗೀಸೆಯಿಂದ ಕಲ್ಲಿನ ಕಟಾಂಜನವನ್ನೇ ಕಿತ್ತು ತಂದು ಹಿತ್ತಲಿನಲ್ಲಿ ನಿಲ್ಲಿಸಿದ. ಪ್ಯಾರಿಸ್ ಹತ್ತಿರದ ಒಂದು ಅರಮನೆಯ ಊಟದ ಕೋಣೆಯ ಹೊನ್ನಿನ ಮರಗೆಲಸವನ್ನು ಬಿಚ್ಚಿಸಿ ತಂದು ಇಲ್ಲಿ ಜೋಡಿಸಿದ. ಮನೆಗೆ ಬರುವ ದಾರಿಯ ತುದಿಯಲ್ಲಿ ‘ಪ್ರೇಮದ ಕಾರಂಜಿ’ ಇಡಿಸಿದವನೂ ಅವನೇ. ದೊಡ್ಡ ಅಮೃತಶಿಲೆಯ ಚಿಪ್ಪು, ಅದರ ಅಂಚಿನಲ್ಲಿ ಪ್ರೇಮದ ನಶೆಯೇರಿದ ಮೂವರು ಹೆಂಗಸರು. ಈಗ ಹೋಟೆಲಿಗೆ ಬರುವ ಪ್ರತಿ ಕಾರೂ ಅದನ್ನು ದಾಟಿಯೇ ಹೋಗಬೇಕು.

ಮಗ ವಾಲ್ಡಾರ್ಫ್ 1906ರಲ್ಲಿ ವರ್ಜೀನಿಯಾದ ನ್ಯಾನ್ಸಿಯನ್ನು ಮದುವೆಯಾದಾಗ ಅಪ್ಪ ಇಡೀ ಕ್ಲಿವ್ಡನ್ ಅನ್ನೇ ಉಡುಗೊರೆಯಾಗಿ ಕೊಟ್ಟ. ಗಂಡ ಹೆಂಡತಿ ಹುಟ್ಟಿದ್ದು ಒಂದೇ ದಿನ, 1879ರ ಮೇ 19ರಂದು. ನ್ಯಾನ್ಸಿಗೆ ಇದು ಎರಡನೆಯ ಮದುವೆ. ನಾಲಿಗೆ ಚೂಪು, ಹಟ ಜಾಸ್ತಿ, ಮದ್ಯ ಕಂಡರೆ ಆಗದು. 1919ರಲ್ಲಿ ಪ್ಲಿಮತ್‌ನಿಂದ ಗೆದ್ದು, ಬ್ರಿಟನ್ನಿನ ಕಾಮನ್ಸ್ ಸಭೆಯಲ್ಲಿ ಕೂತ ಮೊದಲ ಮಹಿಳೆಯಾದಳು. ಹದಿನೆಂಟು ತುಂಬದವರಿಗೆ ಮದ್ಯ ಮಾರಕೂಡದೆಂಬ 1923ರ ಕಾನೂನು ಅವಳ ಹೋರಾಟದ ಫಲ. ಜಾನ್ ಸಿಂಗರ್ ಸಾರ್ಜೆಂಟ್ ಬರೆದ ಅವಳ ಚಿತ್ರ ಇಂದಿಗೂ ಹೋಟೆಲಿನ ದೊಡ್ಡ ಹಜಾರದಲ್ಲಿದೆ. ಅದರ ಎದುರಿನ ಸೋಫಾಗಳಲ್ಲಿ ಕೂತು ಜೋಡಿಗಳು ಷಾಂಪೇನ್ ಹೀರುತ್ತಾರೆ. ಚಿತ್ರದ ನೋಟ ಹೊರಳಿ ನಮ್ಮ ಮೇಲೇ ಇದೆ. ಲೋಟ ಹಿಡಿದವರಿಗೆ ಸ್ವಲ್ಪ ಮುಜುಗರವಾದರೆ ಆಶ್ಚರ್ಯವಿಲ್ಲ.

ಆ ದಂಪತಿಗಳ ಬಾಳು ಹೋಟೆಲಿನ ಜಾಹೀರಾತಿಗೆ ಹೊಂದುವಂಥದ್ದಲ್ಲ. ಹೆಂಡತಿಯ ರಾಜಕೀಯಕ್ಕೆ ದಶಕಗಳ ಕಾಲ ಬೆನ್ನಾಗಿ ನಿಂತ ಗಂಡ, 1945ರಲ್ಲಿ, ಇನ್ನು ಸಾಕು, ಚುನಾವಣೆಗೆ ನಿಲ್ಲಬೇಡ ಎಂದ. ಅವಳು ನಿಲ್ಲಲಿಲ್ಲ, ಆ ಮಾತನ್ನು ಕ್ಷಮಿಸಲೂ ಇಲ್ಲ. ಕೊನೆಯ ವರ್ಷಗಳು ದೂರದೂರವೇ ಕಳೆದವು. ಈಗ ಇಬ್ಬರ ಚಿತಾಭಸ್ಮವೂ ನದಿಯ ಕಡೆಗಿನ ಎಂಟು ಮೂಲೆಯ ಗುಡಿಯೊಳಗೆ ಒಟ್ಟಿಗಿದೆ. ಕ್ಲಿವ್ಡನ್ನಿನ ಪ್ರೇಮಕಥೆಗಳಲ್ಲಿ ನನಗೆ ನಂಬಿಕೆ ಬರುವುದು ಈ ಜಗಳದ ಕಥೆ ಒಂದರಲ್ಲಿ.

ಇನ್ನು ಈ ಮನೆ ಹೋಟೆಲಾದದ್ದು ಹೇಗೆ? ಅದು ಒಂದು ಮನೆಯ ಕಥೆಯಲ್ಲ. ಎರಡು ಮಹಾಯುದ್ಧಗಳು ಮಕ್ಕಳನ್ನೂ ಆಳುಗಳನ್ನೂ ನುಂಗಿದವು. ಯಜಮಾನ ಸತ್ತಾಗ ಆಸ್ತಿಯ ಮೇಲೆ ಬೀಳುವ ತೆರಿಗೆ ಏರುತ್ತ ಹೋಯಿತು. ನೂರು ಕೋಣೆಗಳ ಮನೆ ಗುಡಿಸಲು, ಬೆಂಕಿ ಹಾಕಲು ಯಾರೂ ಸಿಗದಾದರು. ಇಪ್ಪತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಸಾವಿರಕ್ಕೂ ಹೆಚ್ಚು ಮಹಲುಗಳನ್ನು ಮಾಲೀಕರೇ ಕೆಡವಿಸಿದರು. 1974ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯ ಈ ನಾಶವನ್ನೇ ಪ್ರದರ್ಶನವಾಗಿ ಇಟ್ಟಾಗ ಜನ ಬೆಚ್ಚಿದರು. (ಅದೇ ವರ್ಷ ನಮ್ಮ ಮೈಸೂರಿನ ಲಲಿತಮಹಲ್ ಅರಮನೆ ಹೋಟೆಲಾಯಿತು, ದೊಡ್ಡ ಮನೆಗಳ ಸಂಕಟ ಎಲ್ಲೆಡೆ ಒಂದೇ.) ಉಳಿಯಲು ಇದ್ದ ದಾರಿಗಳಲ್ಲಿ ಎರಡು ಮುಖ್ಯ. ಒಂದು, ನ್ಯಾಷನಲ್ ಟ್ರಸ್ಟ್ ಎಂಬ ಪಾರಂಪರಿಕ ಸಂಸ್ಥೆಗೆ ಮನೆ ಒಪ್ಪಿಸಿ, ಅದರಲ್ಲೇ ವಾಸ ಮುಂದುವರಿಸುವುದು. ಇನ್ನೊಂದು, ಹೋಟೆಲು. ಲೇಕ್ ಡಿಸ್ಟ್ರಿಕ್ಟಿನ ಅಲ್ಸ್‌ವಾಟರ್ ಸರೋವರದ ದಡದಲ್ಲಿ 1948ರಲ್ಲಿ ಫ್ರಾನ್ಸಿಸ್ ಕೌಲ್ಸನ್ ಶುರುಮಾಡಿದ ಶ್ಯಾರೋ ಬೇ ಇಂಥ ಹೋಟೆಲುಗಳ ಮೂಲಪುರುಷ ಎನಿಸಿಕೊಂಡಿತು. ಅತಿಥಿ ತಾನು ಗಿರಾಕಿ ಎಂಬುದನ್ನು ಮರೆಯಬೇಕು, ನೆಂಟನ ಮನೆಗೆ ಬಂದಂತಿರಬೇಕು ಎಂಬುದು ಆ ಬಗೆಯ ಹೋಟೆಲಿನ ಕಸುಬಿನ ಮೂಲ.

ಕ್ಲಿವ್ಡನ್ ಎರಡೂ ದಾರಿ ಹಿಡಿಯಿತು. 1942ರಲ್ಲಿ ಆಸ್ಟರ್ ಕುಟುಂಬ ಇದನ್ನು ಟ್ರಸ್ಟ್‌ಗೆ ಬರೆದುಕೊಟ್ಟು, 1960ರ ದಶಕದವರೆಗೆ ಇಲ್ಲೇ ಉಳಿಯಿತು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹುಡುಗರು ಇಲ್ಲಿದ್ದು ಓದಿದರು. 1980ರ ದಶಕದಲ್ಲಿ ಮನೆ ಹೋಟೆಲಿನವರಿಗೆ ಗುತ್ತಿಗೆಗೆ ಹೋಯಿತು. ಗೋಡೆ ಟ್ರಸ್ಟಿನದು, ಹಾಸಿಗೆ ಹೋಟೆಲಿನದು.

ಕುಟುಂಬದ ಕಾಲದ ಕೊನೆಯ ದೊಡ್ಡ ವಾರಾಂತ್ಯ ಯಾವುದೆಂದು ಬ್ರಿಟನ್ನಿನವರಿಗೆಲ್ಲ ಗೊತ್ತು. 1961ರ ಜುಲೈ 8, ಶನಿವಾರ. ನ್ಯಾನ್ಸಿಯ ಮಗ ಬಿಲ್ ಆಸ್ಟರ್ ಮನೆಯಲ್ಲಿ ಔತಣ. ಅತಿಥಿಗಳ ಪೈಕಿ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್, ಮತ್ತು ಯುದ್ಧಖಾತೆಯ ಸಚಿವ ಜಾನ್ ಪ್ರೊಫ್ಯೂಮೊ ಪತ್ನೀಸಮೇತ. ನದಿ ದಡದ ಸ್ಪ್ರಿಂಗ್ ಕಾಟೇಜ್ ಅನ್ನು ಬಾಡಿಗೆಗೆ ಹಿಡಿದಿದ್ದ ವೈದ್ಯ ಸ್ಟೀಫನ್ ವಾರ್ಡ್, ತನ್ನ ಗೆಳತಿ, ಹತ್ತೊಂಬತ್ತರ ಕ್ರಿಸ್ಟೀನ್ ಕೀಲರ್‌ಳನ್ನು ಈಜುಕೊಳಕ್ಕೆ ಕರೆತಂದಿದ್ದ. ಊಟ ಮುಗಿಸಿ ತೋಟ ಸುತ್ತಲು ಬಂದ ಸಚಿವನಿಗೆ ಕೊಳದಿಂದ ಎದ್ದು ಟವೆಲಿಗೆ ಕೈಚಾಚುತ್ತಿದ್ದ ಹುಡುಗಿ ಕಂಡಳು. ಮರುದಿನ ಅದೇ ಕೊಳದ ಬಳಿಗೆ ಸೋವಿಯತ್ ನೌಕಾ ಪ್ರತಿನಿಧಿ ಇವಾನೋವ್ ಕೂಡ ಬಂದ. ಮುಂದಿನದು ಜಗಜ್ಜಾಹೀರು: ಸಚಿವನಿಗೂ ಆ ಹುಡುಗಿಗೂ ನಂಟು, ಅದನ್ನು ಮುಚ್ಚಿಡಲು ಪಾರ್ಲಿಮೆಂಟಿನಲ್ಲಿ ಅವನ ಸುಳ್ಳು, 1963ರ ಜೂನ್‌ನಲ್ಲಿ ರಾಜೀನಾಮೆ, ವಿಚಾರಣೆ ಮುಗಿಯುವ ಮೊದಲೇ ಮಾತ್ರೆ ನುಂಗಿ ಸತ್ತ ವಾರ್ಡ್, ಅಲುಗಾಡಿದ ಪ್ರಧಾನಿ ಮ್ಯಾಕ್‌ಮಿಲನ್ ಸರಕಾರ. ಆ ಕೊಳ ಈಗಲೂ ಗೋಡೆಯ ಮರೆಯ ತೋಟದಲ್ಲಿದೆ, ಹೋಟೆಲಿನ ಅತಿಥಿಗಳು ಈಜುತ್ತಾರೆ. ಸ್ಪ್ರಿಂಗ್ ಕಾಟೇಜ್ ಕೂಡ ಬಾಡಿಗೆಗೆ ಸಿಗುತ್ತದೆ. ಹಿಂದೆ ವಿಕ್ಟೋರಿಯಾ ರಾಣಿ ಅಲ್ಲಿ ಕೂತು ಚಹಾ ಕುಡಿಯುತ್ತಿದ್ದಳಂತೆ, ಆ ಮಾತನ್ನು ಹೋಟೆಲಿನವರು ಹೆಚ್ಚು ಖುಷಿಯಿಂದ ಹೇಳುತ್ತಾರೆ.

ಇಷ್ಟು ಹೇಳಿದ ಮೇಲೆ, ಇಲ್ಲಿ ಉಳಿಯುವುದರಲ್ಲಿ ಏನಿದೆ ಎಂದು ಕೇಳುವುದು ನ್ಯಾಯ. ಕೋಣೆಗಳಿಗೆ ನಂಬರಿಲ್ಲ, ಹೆಸರುಗಳಿವೆ: ಹಿಂದೆ ಇಲ್ಲಿ ಬಾಳಿದವರ, ಬಂದುಹೋದವರ ಹೆಸರು. ಚರ್ಚಿಲ್, ಬರ್ನಾರ್ಡ್ ಷಾ, ಚಾರ್ಲಿ ಚಾಪ್ಲಿನ್ ಎಲ್ಲರೂ ಇಲ್ಲಿನ ನೆಂಟರೇ. ಮನೆಯೊಳಗೆ ಕಾಲಿಟ್ಟರೆ ಕಣ್ಣಿಗೆ ಬೀಳುವುದು ಹೋಟೆಲಿನ ಸ್ವಾಗತ ಕಟ್ಟೆಯಲ್ಲ. ಕಪ್ಪು ಮರದ ಗೋಡೆ, ಫ್ರಾನ್ಸಿನಿಂದ ತಂದ ಹದಿನಾರನೆಯ ಶತಮಾನದ ಬೃಹತ್ ಕಲ್ಲಿನ ಒಲೆ, ಯುದ್ಧದ ದೃಶ್ಯ ನೇಯ್ದ ಹಳೆಯ ಪರದೆಗಳು. ಸಂಜೆಯ ಚಹಾ ಬರುವುದು ಮೂರು ಅಂತಸ್ತಿನ ತಟ್ಟೆಯಲ್ಲಿ: ಕೆಳಗೆ ಸ್ಯಾಂಡ್‌ವಿಚ್, ಮೇಲೆ ಸ್ಕೋನ್, ಕೇಕು. ಸಸ್ಯಾಹಾರಿಗಳು ಮೊದಲೇ ಹೇಳಿಟ್ಟರೆ ಒಳ್ಳೆಯದು.

ಆದರೆ ನನ್ನ ಎಣಿಕೆಯಲ್ಲಿ ದುಡ್ಡು ಕೊಟ್ಟು ಕೊಳ್ಳುವ ನಿಜವಾದ ಸರಕು ಬೇರೆ. ಹಗಲು ಈ ಉದ್ಯಾನ ಎಲ್ಲರದು. ಟ್ರಸ್ಟಿನ ಟಿಕೆಟ್ ಪಡೆದವರು, ಸದಸ್ಯರಾದವರು ಮಕ್ಕಳುಮರಿ ಸಮೇತ ಓಡಾಡುತ್ತಾರೆ. ರೆಡಿಂಗ್, ಮೇಡನ್‌ಹೆಡ್, ಸ್ಲೌ ಕಡೆ ಕೆಲಸಕ್ಕೆ ಬಂದು ನೆಲೆಸಿದ ಕನ್ನಡದ ಸಂಸಾರಗಳಿಗೂ, ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದೊಯ್ಯಲು ಇದು ಹತ್ತಿರದ ಜಾಗ. ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡು ಹುಲ್ಲಿನ ಮೇಲೆ ಕೂರಲು ಯಾರ ಅಡ್ಡಿಯೂ ಇಲ್ಲ. ಸಂಜೆ ಗೇಟು ಮುಚ್ಚುತ್ತದೆ, ಎಲ್ಲರೂ ಹೋಗುತ್ತಾರೆ. ಆಮೇಲೆ 370 ಎಕರೆಗೂ ಮಿಕ್ಕ ಆ ತೋಟ, ಕಾಡು, ನದಿದಂಡೆ ಐವತ್ತಕ್ಕಿಂತ ಕಡಿಮೆ ಕೋಣೆಗಳಲ್ಲಿ ಇಳಿದಿರುವವರ ಪಾಲಿಗೆ. ಹೊರಗಿನವರೆಲ್ಲ ಹೋದ ಮೇಲೆ ಒಳಗೆ ಉಳಿಯುವ ಹಕ್ಕು, ಬೆಲೆ ಇರುವುದು ಅದಕ್ಕೆ. ಯಜಮಾನಿಕೆ ಎಂದರೆ ಹಿಂದೆಯೂ ಅಷ್ಟೇ ಆಗಿತ್ತು.

ಆ ಯಜಮಾನಿಕೆಯನ್ನು ಹೊತ್ತು ನಿಲ್ಲಿಸಿದವರು ಹಿಂಬಾಗಿಲಿನವರು. ಯಾರ್ಕ್‌ಷೈರಿನ ಕಾರ್ಮಿಕ ಕುಟುಂಬದಿಂದ ಬಂದ ರೋಸಿನಾ ಹ್ಯಾರಿಸನ್ ಮೂವತ್ತೈದು ವರ್ಷ ನ್ಯಾನ್ಸಿಯ ಆಪ್ತಸೇವಕಿಯಾಗಿದ್ದಳು. 1975ರಲ್ಲಿ ಬಂದ ಅವಳ ಆತ್ಮಕಥೆಯಲ್ಲಿ ಒಡತಿಯೊಂದಿಗೆ ನಿತ್ಯ ನಡೆದ ಮಾತಿನ ಕುಸ್ತಿ ಇದೆ, ಬಟ್ಟೆ ಒಡವೆಗಳ ನಿಗಾ ಇದೆ, ಎಡ್ವಿನ್ ಲೀ ಎಂಬ ಬಟ್ಲರನ ಗತ್ತಿದೆ. ಔತಣದ ಮೇಜಿನ ಹಿಂದೆ ನಿಂತವರು ಏನು ನೋಡುತ್ತಿದ್ದರು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪುಸ್ತಕ ನಾನು ಕಂಡಿಲ್ಲ. ಹೋಗುವ ಮುನ್ನ ಓದಿಕೊಂಡರೆ, ಬಾಗಿಲಲ್ಲಿ ಪೆಟ್ಟಿಗೆ ಎತ್ತಿಕೊಳ್ಳುವ ಹುಡುಗನ ಮುಖವೂ ಕಾಣುತ್ತದೆ.

ಒಂದು ರಾತ್ರಿಗೆ ನೂರಾರು ಪೌಂಡ್. ಶುಕ್ರವಾರ, ಶನಿವಾರ ಇನ್ನೂ ಹೆಚ್ಚು. ಜೇಬು ಗಟ್ಟಿಯಿಲ್ಲದವರು ಎಲಿಜಬೆತ್ ಲೈನ್ ರೈಲಿನಲ್ಲಿ ಟ್ಯಾಪ್ಲೋ ಅಥವಾ ಬರ್ನಮ್‌ಗೆ ಬಂದು ಅಲ್ಲಿಂದ ಟ್ಯಾಕ್ಸಿ ಹಿಡಿದರೆ ಹಗಲಿನ ಕ್ಲಿವ್ಡನ್ ಸಿಗುತ್ತದೆ. ಮೇ ತಿಂಗಳಲ್ಲಿ ರೋಡೋಡೆಂಡ್ರನ್ ಅರಳಿರುತ್ತದೆ. ಹೂದೋಟಗಳ ಸಂದಣಿ ಬಿಟ್ಟು ಕೆಳಗಿಳಿದರೆ ಒಂದು ತಗ್ಗಿನ ತೋಟವಿದೆ. ಮೊದಲ ಮಹಾಯುದ್ಧದಲ್ಲಿ ಈ ಜಮೀನಿನಲ್ಲೇ ನಡೆದ ಕೆನಡಾದ ಆಸ್ಪತ್ರೆಯಲ್ಲಿ ತೀರಿಕೊಂಡ ಸುಮಾರು ನಲವತ್ತು ಮಂದಿಯ ಸಮಾಧಿಗಳು ಅಲ್ಲಿವೆ. ಜೋಡಿಗಳ ಪ್ಯಾಕೇಜಿನಲ್ಲಿ ಅದು ಬರುವುದಿಲ್ಲ, ನೀವೇ ದಾರಿ ಕೇಳಿಕೊಂಡು ಹೋಗಬೇಕು.