ಅಜ್ಜಿಯ ಬಾಯಿಯ ‘ಇಗರ್ಜಿ’

ಈಚೆಗೆ ನಾವು ಹಲಸೂರಿನ ಸ್ನೇಹಿತರೊಬ್ಬರ ಮನೆಗೆ ಹೋಗಿದ್ದೆವು. ಮಂಗಳೂರಿನಿಂದ ಬಂದಿದ್ದ ಅವರ ತಾಯಿಯವರು, ಸಮೀಪದಲ್ಲಿ 1851ರಲ್ಲಿ ಕಟ್ಟಿದ ಟ್ರಿನಿಟಿ ಚರ್ಚನ್ನು ‘ಆ ಇಗರ್ಜಿ’ ಎಂದರು. ಮೊಮ್ಮಕ್ಕಳು ನಕ್ಕು, “ಚರ್ಚು ಅನ್ನಬೇಕಜ್ಜಿ!” ಎಂದು ತಿದ್ದಿದರು. ಆ ವೃದ್ಧೆಯು ಮತ್ತೆ ಮಾತನಾಡಲಿಲ್ಲ. ಅವರ ಮೌನವೇ ಈ ಲೇಖನಕ್ಕೆ ಕಾರಣ.

ಇಗರ್ಜಿಯ ಮೂಲವು ಗ್ರೀಕ್ ಭಾಷೆಯ ‘ಎಕ್ಕ್ಲೇಸಿಯಾ’. ‘ಎಕ್’ ಎಂದರೆ ಹೊರಕ್ಕೆ. ‘ಕಲೇಯಿನ್’ ಎಂದರೆ ಕರೆಯುವುದು. ಪ್ರಾಚೀನ ಅಥೆನ್ಸಿನಲ್ಲಿ ನಾಡಿನ ಕಾರ್ಯವನ್ನು ವಿಚಾರಿಸಲು ನೆರೆಯುತ್ತಿದ್ದ ಪೌರರ ಸಭೆಗೆ ಈ ಹೆಸರಿದ್ದಿತು. ಕ್ರೈಸ್ತರು ಅದನ್ನು ಭಕ್ತರ ಕೂಟಕ್ಕೆ ಬಳಸಿದರು. ಕನ್ನಡ ಬೈಬಲ್ಲಿನಲ್ಲಿ ಅದು ‘ಸಭೆ’ ಎಂದೇ ಇರುವುದು. ಕೂಟದ ಹೆಸರು ಕ್ರಮೇಣ ಕೂಡುವ ಮನೆಗೂ ಸಂದಿತು.

ಲ್ಯಾಟಿನ್ ಭಾಷೆಯು ಈ ಪದವನ್ನು ಕಡ ತಂದಾಗ ಕಡೆಯ ದೀರ್ಘವನ್ನು ಹ್ರಸ್ವ ಮಾಡಿ, ಸ್ತ್ರೀಲಿಂಗವನ್ನು ಹಾಗೆಯೇ ಉಳಿಸಿಕೊಂಡಿತು. ಆದರೆ ವಿಭಕ್ತಿಗಳನ್ನು ಮಾತ್ರ ತನ್ನವನ್ನೇ ತೊಡಿಸಿತು. ಷಷ್ಠಿಯಲ್ಲಿ ಗ್ರೀಕರು ‘ಎಕ್ಕ್ಲೇಸಿಯಾಸ್’ ಎಂದರೆ, ರೋಮನರು ‘ಎಕ್ಕ್ಲೇಸಿಯೈ’ ಎಂದರು. ಹೊಸ ಮನೆಗೆ ಬಂದ ಸೊಸೆಯು ಆ ಮನೆಯ ರೀತಿಯನ್ನು ಕಲಿತಂತಾಯಿತು.

ಲ್ಯಾಟಿನ್ನಿನ ಮಗಳಾದ ಪೋರ್ತುಗೀಸ್ ಭಾಷೆಯಲ್ಲಿ ಇದು ‘ಇಗ್ರೇಜ’ ಆಯಿತು. ಕಕಾರವು ಗಕಾರವಾಯಿತು, ಲಕಾರವು ರೇಫವಾಯಿತು. ನಮ್ಮ ‘ಆಕಾಶ’ವು ‘ಆಗಸ’ವಾದುದನ್ನು ಬಲ್ಲ ವಾಚಕರಿಗೆ ಇದು ಸೋಜಿಗವಲ್ಲ. ಪೋರ್ತುಗೀಸರು 1510ರಲ್ಲಿ ಗೋವೆಯನ್ನು ಹಿಡಿದ ಬಳಿಕ ಪದವು ಪಶ್ಚಿಮ ಕರಾವಳಿಗೆ ಬಂದಿತು. ಅಲ್ಲಿಯ ಜನರ ನಾಲಗೆಯಲ್ಲಿ ಇಗರ್ಜಿಯಾಯಿತು. ಕನ್ನಡವು ಲಿಂಗವನ್ನು ಅರ್ಥದಿಂದ ನಿರ್ಣಯಿಸುವುದರಿಂದ, ಲ್ಯಾಟಿನ್ನಿನ ಸ್ತ್ರೀಲಿಂಗವು ಇಲ್ಲಿ ನಪುಂಸಕವಾಯಿತು. ‘ಇಗರ್ಜಿಯ ಗಂಟೆ’, ‘ಇಗರ್ಜಿಗೆ ಹೋದರು’ ಎನ್ನುವಾಗ ವಿಭಕ್ತಿಯೆಲ್ಲವೂ ಕನ್ನಡದ್ದೇ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ತದ್ಭವಗಳಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟನು. ಪರಭಾಷೆಯ ಮಾತು ಹೀಗೆ ರೂಪಾಂತರ ಹೊಂದಿ ನಮ್ಮದಾಗುವುದು ಕನ್ನಡಕ್ಕೆ ಹೊಸತೇನೂ ಅಲ್ಲ.

ಇನ್ನು ಮಕ್ಕಳ ‘ಚರ್ಚು’? ಅದೂ ಗ್ರೀಕ್ ಸಂತಾನವೇ! ‘ಸ್ವಾಮಿಗೆ ಸೇರಿದುದು’ ಎಂಬರ್ಥದ ‘ಕುರಿಯಕೋನ್’ ಎಂಬುದರಿಂದ ಅದು ಹುಟ್ಟಿ, ಇಂಗ್ಲಿಷಿನ ಮೂಲಕ ಬಂದಿತು. ಎರಡೂ ಒಂದೇ ಊರಿನಿಂದ ಹೊರಟು ಬೇರೆ ಬೇರೆ ದಾರಿ ಹಿಡಿದು ನಮ್ಮಲ್ಲಿಗೆ ಬಂದ ನೆಂಟರು.

ಇದನ್ನೆಲ್ಲ ಹೇಳಿದಾಗ ಕಿರಿಯ ಹುಡುಗಿಯು ಅಜ್ಜಿಯ ಬಳಿ ಸರಿದು, “ಇಗರ್ಜಿಗೆ ನನ್ನನ್ನೂ ಕರೆದುಕೊಂಡು ಹೋಗುತ್ತೀರಾ?” ಎಂದಳು. ಅಜ್ಜಿಯ ಮುಖವರಳಿತು. ಹಿರಿಯರ ಮಾತನ್ನು ತಿದ್ದಹೊರಡುವ ಮುನ್ನ ಅದು ನಡೆದು ಬಂದ ದಾರಿಯನ್ನೊಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.