ಖಾಲಿ ಜಾಗ ಬಿಟ್ಟು ಸಿನೆಮಾ ಮಾಡಿದ ಕಿಯಾರೊಸ್ತಮಿ

ಸಿನೆಮಾ ಅಂದ ಕೂಡಲೇ ನಮ್ಮ ಹಿರಿಯರ ಮುಖ ಗಂಟಾಗುತ್ತದೆ. ಅದರಲ್ಲಿ ಅವರ ತಪ್ಪೇನಿಲ್ಲ. ಹಾಡು, ಕುಣಿತ, ಹೊಡೆದಾಟ, ಅವರು ಕಂಡ ಸಿನೆಮಾ ಅಷ್ಟೇ. ಆದರೆ ಈಗ ಥಿಯೇಟರಿಗೆ ಹೋಗುವ ಅಗತ್ಯವೇ ಇಲ್ಲ, ಊಟಕ್ಕೆ ಕೂತ ಮಗುವಿನ ಕೈಯಲ್ಲೂ ಪರದೆ ಉಂಟು. ಬೆರಳಾಡಿಸಿದಂತೆ ಒಂದರ ಹಿಂದೆ ಒಂದು ವೀಡಿಯೊ ಓಡುತ್ತದೆ. ಹಾಗಿರುವಾಗ ನೋಡಬೇಕೋ ಬೇಡವೋ ಎಂಬುದರ ಜೊತೆಗೆ, ನೋಡುವುದು ಅಂದರೆ ಏನು ಎಂಬ ಪ್ರಶ್ನೆಯನ್ನೂ ನಾವು ಕೇಳಿಕೊಳ್ಳಬೇಕಾಗಿದೆ. ಈ ಪ್ರಶ್ನೆಯನ್ನು ಜೀವನವಿಡೀ ಕೇಳಿದವರು ಇರಾನಿನ ನಿರ್ದೇಶಕ ಅಬ್ಬಾಸ್ ಕಿಯಾರೊಸ್ತಮಿ.

ಕಿಯಾರೊಸ್ತಮಿ ಹುಟ್ಟಿದ್ದು 1940ರಲ್ಲಿ ಟೆಹ್ರಾನಿನಲ್ಲಿ. ವಿಶ್ವವಿದ್ಯಾನಿಲಯದಲ್ಲಿ ಚಿತ್ರಕಲೆ ಕಲಿಯುವಾಗ ಖರ್ಚಿಗಾಗಿ ಟ್ರಾಫಿಕ್ ಪೊಲೀಸ್ ಇಲಾಖೆಯಲ್ಲಿ ದುಡಿದರು. ಆಮೇಲೆ ಜಾಹೀರಾತು ಚಿತ್ರಗಳನ್ನು ಮಾಡಿದರು. ಮಕ್ಕಳಿಗಾಗಿ ಪುಸ್ತಕ, ಗ್ರಂಥಾಲಯ ಇತ್ಯಾದಿ ನಡೆಸುತ್ತಿದ್ದ 'ಕಾನೂನ್' ಎಂಬ ಸಂಸ್ಥೆಯಲ್ಲಿ ಸಿನೆಮಾ ವಿಭಾಗ ಕಟ್ಟುವ ಕೆಲಸ ಸಿಕ್ಕಿದ್ದರಿಂದ ಅವರ ದಾರಿ ಬದಲಾಯಿತು. 1970ರ ಅವರ ಮೊದಲ ಚಿತ್ರ 'ರೊಟ್ಟಿ ಮತ್ತು ಓಣಿ' ಹತ್ತು ನಿಮಿಷದ ಆಸುಪಾಸಿನದು. ಮನೆಗೆ ರೊಟ್ಟಿ ಒಯ್ಯುವ ಹುಡುಗನಿಗೆ ಓಣಿಯಲ್ಲಿ ನಾಯಿ ಅಡ್ಡವಾಗುತ್ತದೆ, ಅಷ್ಟೇ ಕತೆ. ಹುಡುಗ ಮತ್ತು ನಾಯಿಯನ್ನು ಬೇರೆ ಬೇರೆ ತೆಗೆದು ಜೋಡಿಸುವುದು ಸುಲಭ ಎಂದು ಕ್ಯಾಮರಾಮನ್ ಹೇಳಿದರೂ, ಇಬ್ಬರನ್ನೂ ಒಂದೇ ಚೌಕಟ್ಟಿನಲ್ಲಿ ತೋರಿಸಬೇಕೆಂದು ಕಿಯಾರೊಸ್ತಮಿ ಹಟ ಹಿಡಿದರು. ಹೆದರಿಕೆಯನ್ನು ಕತ್ತರಿಸಿ ಜೋಡಿಸಿದರೆ ಅದು ಹೆದರಿಕೆಯಾಗಿ ಉಳಿಯುವುದಿಲ್ಲ ಎಂಬ ಲೆಕ್ಕ.

1987ರಲ್ಲಿ ಬಂದ 'ಗೆಳೆಯನ ಮನೆ ಎಲ್ಲಿದೆ?' ಅವರನ್ನು ಇರಾನಿನ ಹೊರಗೂ ಪರಿಚಯಿಸಿತು. ಎಂಟು ವರ್ಷದ ಅಹ್ಮದ್ ಪಕ್ಕದಲ್ಲಿ ಕೂರುವ ಗೆಳೆಯನ ನೋಟ್‌ಬುಕ್ಕನ್ನು ತಪ್ಪಿ ಮನೆಗೆ ತಂದಿದ್ದಾನೆ. ನಾಳೆ ಆ ಪುಸ್ತಕದಲ್ಲಿ ಹೋಂವರ್ಕ್ ಇಲ್ಲದಿದ್ದರೆ ಗೆಳೆಯನನ್ನು ಶಾಲೆಯಿಂದ ಹೊರಹಾಕುವುದಾಗಿ ಮೇಷ್ಟ್ರು ಹೇಳಿದ್ದಾರೆ. ಅಹ್ಮದ್ ಅಮ್ಮನಿಗೆ ಹೇಳುತ್ತಾನೆ, ಆಕೆಗೆ ಕೇಳಿಸುವುದೇ ಇಲ್ಲ. ಕೊನೆಗೆ ಗುಡ್ಡ ಹತ್ತಿ ಪಕ್ಕದ ಊರಿಗೆ ಓಡುತ್ತಾನೆ. ದಾರಿಯಲ್ಲಿ ಅಜ್ಜ ಸಿಗರೇಟು ತರಲು ಕಳಿಸುತ್ತಾರೆ. ಅಜ್ಜನ ಕಿಸೆಯಲ್ಲಿ ಸಿಗರೇಟು ಉಂಟು! ಹುಡುಗ ಮಾತು ಕೇಳಲು ಕಲಿಯಲಿ ಅಂತ ಕಳಿಸಿದ್ದು. ತಮ್ಮ ತಂದೆ ವಾರಕ್ಕೊಮ್ಮೆ ಕಾಸು ಕೊಡುತ್ತಿದ್ದರು, ಹದಿನೈದು ದಿನಕ್ಕೊಮ್ಮೆ ಹೊಡೆಯುತ್ತಿದ್ದರು, ಕಾಸು ಕೊಡಲು ಮರೆತದ್ದುಂಟು, ಹೊಡೆಯಲು ಮರೆತದ್ದಿಲ್ಲ ಎಂದು ಆ ಅಜ್ಜ ಹೆಮ್ಮೆಯಿಂದಲೇ ಹೇಳುತ್ತಾರೆ. ಇಂಥ ಹೆಮ್ಮೆಯ ಮಾತು ನಮ್ಮೂರಲ್ಲೂ ಕೇಳಿಲ್ಲವೇ?

ಎರಡು ವರ್ಷದ ನಂತರ ಬಂದ 'ಹೋಂವರ್ಕ್' ನಟರಿಲ್ಲದ ಸಾಕ್ಷ್ಯಚಿತ್ರ. ಸ್ವಂತ ಮಕ್ಕಳ ಹೋಂವರ್ಕಿನ ತಾಪತ್ರಯದಿಂದ ಅದು ಹುಟ್ಟಿತು. ಟೆಹ್ರಾನಿನ ಒಂದು ಶಾಲೆಯಲ್ಲಿ ಕ್ಯಾಮರಾ ಇಟ್ಟು ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ ಮಾತಾಡಿಸಿದರು. ಕಾರ್ಟೂನ್ ಇಷ್ಟವೋ ಹೋಂವರ್ಕ್ ಇಷ್ಟವೋ ಎಂದು ಕೇಳಿದರೆ ಮಕ್ಕಳು ಹೋಂವರ್ಕ್ ಅನ್ನುತ್ತಾರೆ. ಸುಳ್ಳು ಅಂತ ಅವರ ಮುಖವೇ ಹೇಳುತ್ತದೆ. 'ತಂಬೀಹ್' ಅಂದರೆ ಗೊತ್ತಾ? ಗೊತ್ತು, ಬೆಲ್ಟಿನಲ್ಲಿ ಹೊಡೆಯುವುದು. 'ತಶ್ವೀಖ್' ಅಂದರೆ? ಹಲವು ಮಕ್ಕಳಿಗೆ ಗೊತ್ತಿಲ್ಲ.

ಮದ್ರಸದಲ್ಲಿ ಪಾಠ ಹೇಳುವ ನನಗೆ ಈ ಎರಡು ಪದಗಳು ಹೊಸತಲ್ಲ, ಎರಡೂ ಅರಬಿಯಿಂದಲೇ ಹೋದವು. ಅರಬಿಯಲ್ಲಿ 'ತಂಬೀಹ್' ಅಂದರೆ ಎಚ್ಚರಿಸುವುದು, ಗಮನ ಸೆಳೆಯುವುದು. ಫಾರ್ಸಿಗೆ ಹೋಗಿ ಅದಕ್ಕೆ ಶಿಕ್ಷೆ ಎಂಬ ಅರ್ಥ ಬಂತು. 'ತಶ್ವೀಖ್' ಎಂಬುದು 'ಶೌಖ್' ಎಂಬ ಮೂಲದ್ದು, ಆಸೆ ಹುಟ್ಟಿಸುವುದು. ಎಚ್ಚರಿಸುವುದು ಹೊಡೆಯುವುದಾಯಿತು, ಆಸೆ ಹುಟ್ಟಿಸುವುದು ಮರೆತೇಹೋಯಿತು. ಬೆತ್ತ ಹಿಡಿದು ತರಗತಿಗೆ ಹೋಗಿದ್ದ ನನ್ನ ಮೊದಮೊದಲ ವರ್ಷಗಳು ಆಗ ಕಣ್ಣ ಮುಂದೆ ಬಂದವು. ನನ್ನ ಮುಂದೆಯೂ ಎಷ್ಟು ಮಕ್ಕಳು ಹೀಗೇ 'ಇಷ್ಟ ಉಸ್ತಾದ್' ಅಂದಿರಬಹುದು!

ಸುಳ್ಳಿನ ವಿಷಯದಲ್ಲಿ ಕಿಯಾರೊಸ್ತಮಿಯವರ ಒಂದು ಮಾತು ಮೊದಲಿಗೆ ನನಗೆ ಕಸಿವಿಸಿ ಮಾಡಿತು. ಸಿನೆಮಾದಲ್ಲಿ ಸುಳ್ಳಿನ ಮೂಲಕವೇ ಸತ್ಯದ ಹತ್ತಿರ ಹೋಗಬೇಕು ಎಂದು ಅವರು ಹೇಳುತ್ತಿದ್ದರು. ಅಹ್ಮದ್ ಓಡುವ ಆ ಅಂಕುಡೊಂಕು ಕಾಲುದಾರಿ ಗುಡ್ಡದಲ್ಲಿ ಮೊದಲು ಇರಲೇ ಇಲ್ಲ, ಸಿನೆಮಾಕ್ಕಾಗಿ ಮಾಡಿದ್ದು. ಆದರೆ ಆ ಹುಡುಗನ ಕಷ್ಟ ಸುಳ್ಳಲ್ಲ. ಉದಾಹರಣೆಗೆ ಕತೆ ಕಟ್ಟಿ ಪಾಠ ಹೇಳುವ ನಾವೂ ಇದನ್ನೇ ಮಾಡುತ್ತೇವೆ. ಹೆದರಿದ ಮಗು ಹೇಳುವ ಸುಳ್ಳು ಬೇರೆ, ಅರ್ಥ ಮಾಡಿಸಲು ಕಟ್ಟಿದ ಕತೆ ಬೇರೆ.

ಅದೇ ಮನುಷ್ಯ ಇನ್ನೊಂದು ಬಗೆಯ ಸುಳ್ಳಿಗೆ ಒಪ್ಪಲಿಲ್ಲ. ಇರಾನಿನ ನಿಯಮದ ಪ್ರಕಾರ ತೆರೆಯ ಮೇಲೆ ಹೆಂಗಸರು ಮನೆಯೊಳಗಿದ್ದರೂ ತಲೆವಸ್ತ್ರ ತೊಟ್ಟಿರಬೇಕು. ಮನೆಯವರ ಮಧ್ಯೆ ಹಾಗೆ ಯಾರೂ ಇರುವುದಿಲ್ಲ ಎಂದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಇದ್ದದ್ದನ್ನು ಇಲ್ಲದಂತೆ ತೋರಿಸುವ ಬದಲು ಅವರು ಮನೆಯೊಳಗಿನ ದೃಶ್ಯಗಳನ್ನೇ ಆದಷ್ಟು ಬಿಟ್ಟರು. ಅವರ ಕತೆಗಳು ಹೆಚ್ಚಾಗಿ ರಸ್ತೆಯಲ್ಲಿ, ಕಾರಿನಲ್ಲಿ ನಡೆಯಲು ಇದೂ ಒಂದು ಕಾರಣ.

ಬಿಟ್ಟುಬಿಡುವುದು ಅವರ ಕಲೆಯ ತಿರುಳು. 1995ರಲ್ಲಿ ಸಿನೆಮಾಕ್ಕೆ ನೂರು ವರ್ಷ ತುಂಬಿದಾಗ ಪ್ಯಾರಿಸಿನಲ್ಲಿ ಅವರು 'ಅಪೂರ್ಣ ಸಿನೆಮಾ' ಎಂಬ ವಿಚಾರ ಮಂಡಿಸಿದರು. ಎಲ್ಲವನ್ನೂ ಹೇಳಿ ಮುಗಿಸಿದ ಸಿನೆಮಾದಲ್ಲಿ ನೋಡುಗನಿಗೆ ಕೆಲಸವಿಲ್ಲ. ಅಲ್ಲಲ್ಲಿ ಖಾಲಿ ಜಾಗ ಬಿಟ್ಟರೆ ಒಬ್ಬೊಬ್ಬರೂ ತಮ್ಮ ಬದುಕಿನಿಂದ ಅದನ್ನು ತುಂಬುತ್ತಾರೆ. ಮೊದಲ ನೂರು ವರ್ಷ ನಿರ್ದೇಶಕನದ್ದಾಯಿತು, ಮುಂದಿನದ್ದರಲ್ಲಿ ನೋಡುಗನಿಗೂ ಪಾಲಿರಲಿ ಎಂಬುದು ಅವರ ಆಶಯ.

1990ರ 'ಕ್ಲೋಸಪ್' ಚಿತ್ರ ಇದಕ್ಕೆ ಒಳ್ಳೆಯ ಉದಾಹರಣೆ. ಒಬ್ಬ ಬಡವ ತಾನು ಖ್ಯಾತ ನಿರ್ದೇಶಕ ಮಖ್ಮಲ್‌ಬಾಫ್ ಎಂದು ಹೇಳಿಕೊಂಡು ಒಂದು ಕುಟುಂಬವನ್ನು ನಂಬಿಸಿ ಸಿಕ್ಕಿಬಿದ್ದ ನಿಜ ಘಟನೆ ಅದು. ಕಿಯಾರೊಸ್ತಮಿ ಅನುಮತಿ ಪಡೆದು ವಿಚಾರಣೆಯನ್ನೇ ಚಿತ್ರೀಕರಿಸಿದರು. ಕೊನೆಯಲ್ಲಿ ನಿಜವಾದ ಮಖ್ಮಲ್‌ಬಾಫ್ ಬಂದು ಆ ಮನುಷ್ಯನನ್ನು ಬೈಕಿನಲ್ಲಿ ಕೂರಿಸಿಕೊಂಡು ಕ್ಷಮೆ ಕೇಳಿಸಲು ಹೋಗುತ್ತಾರೆ. ಆಗ ಮೈಕ್ ಕೈಕೊಟ್ಟಂತೆ ಮಾತು ಕಡಿದು ಕಡಿದು ಕೇಳುತ್ತದೆ. ಮೈಕ್ ಕೆಟ್ಟಿರಲಿಲ್ಲ, ಬೇಕೆಂದೇ ಹಾಗೆ ಮಾಡಿದ್ದು. ತಪ್ಪು ಮಾಡಿ ನಾಚಿದವನ ಎಲ್ಲ ಮಾತು ನಾವು ಕೇಳಲೇಬೇಕಾ? ಪಕ್ಕದ ಮನೆಯ ಜಗಳವನ್ನೂ ಮೊಬೈಲಿನಲ್ಲಿ ಹಿಡಿದು ಗ್ರೂಪಿಗೆ ಹಾಕುವ ಈ ಕಾಲದಲ್ಲಿ ಇದು ಯೋಚಿಸುವಂಥ ವಿಷಯ.

1990ರ ಜೂನ್‌ನಲ್ಲಿ ಇರಾನಿನ ಉತ್ತರ ಭಾಗದಲ್ಲಿ ಭೂಕಂಪವಾಗಿ ಹತ್ತಾರು ಸಾವಿರ ಜನ ಸತ್ತರು. 'ಗೆಳೆಯನ ಮನೆ' ಚಿತ್ರೀಕರಿಸಿದ ಕೋಕೆರ್ ಗ್ರಾಮವೂ ಉರುಳಿತು. ಕಿಯಾರೊಸ್ತಮಿ ಮಗನನ್ನು ಕರೆದುಕೊಂಡು, ತಮ್ಮ ಚಿತ್ರದಲ್ಲಿ ನಟಿಸಿದ ಮಕ್ಕಳು ಬದುಕಿದ್ದಾರೋ ಎಂದು ಹುಡುಕುತ್ತಾ ಹೋದರು. ಆ ಪ್ರಯಾಣದಿಂದ 1992ರ ಚಿತ್ರ ಹುಟ್ಟಿತು. ಅವಶೇಷಗಳ ನಡುವೆ ಜನ ವಿಶ್ವಕಪ್ ಫುಟ್‌ಬಾಲ್ ನೋಡಲು ಆಂಟೆನಾ ಕಟ್ಟುತ್ತಿರುತ್ತಾರೆ. ಮಕ್ಕಳು ಸಿಕ್ಕಿದರೋ ಇಲ್ಲವೋ ಎಂದು ಆ ಚಿತ್ರ ತೋರಿಸುವುದಿಲ್ಲ. ಅವರು ಉಳಿದಿದ್ದರು, 1994ರ ಮುಂದಿನ ಚಿತ್ರದಲ್ಲಿ ಕಾಣಿಸುತ್ತಾರೆ. 1997ರಲ್ಲಿ 'ಟೇಸ್ಟ್ ಆಫ್ ಚೆರಿ'ಗೆ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಬಂತು. 2016ರ ಜುಲೈಯಲ್ಲಿ ಕಿಯಾರೊಸ್ತಮಿ ಪ್ಯಾರಿಸಿನಲ್ಲಿ ತೀರಿಕೊಂಡರು.

ತಮ್ಮ ಸಿನೆಮಾ ನೋಡುತ್ತಾ ಯಾರಾದರೂ ತೂಕಡಿಸಿದರೆ ಅವರಿಗೆ ಬೇಸರವಿರಲಿಲ್ಲ. ಕೆಲವು ಚಿತ್ರಗಳು ಥಿಯೇಟರಿನಲ್ಲಿ ನಿದ್ದೆ ತರಿಸಿದರೂ ಆಮೇಲೆ ರಾತ್ರಿ ಎಚ್ಚರವಾಗಿಡುತ್ತವೆ ಎನ್ನುತ್ತಿದ್ದರು. ರೀಲ್ಸ್ ನೋಡಿದ ಮೇಲೆ ಮಗುವನ್ನು ಕೇಳಿ ನೋಡಿ, ಏನು ನೋಡಿದೆ ಅಂತ. ಒಂದೂ ನೆನಪಿರುವುದಿಲ್ಲ.

ಅಂದಹಾಗೆ, ಅಹ್ಮದನಿಗೆ ಗೆಳೆಯನ ಮನೆ ಸಿಗುವುದಿಲ್ಲ. ರಾತ್ರಿ ಮನೆಗೆ ಬಂದು ಗೆಳೆಯನ ಹೋಂವರ್ಕನ್ನೂ ತಾನೇ ಬರೆಯುತ್ತಾನೆ. ಮರುದಿನ ಮೇಷ್ಟ್ರು ಪುಸ್ತಕ ತೆರೆಯುತ್ತಾರೆ, ಪುಟಗಳ ನಡುವೆ ಒಂದು ಹೂವು. ಶಭಾಷ್ ಅನ್ನುತ್ತಾರೆ. ಬರೆದವನು ಯಾರೆಂದು ಅವರಿಗೆ ಗೊತ್ತಾಗುವುದೇ ಇಲ್ಲ. ಇಂದು ಸಂಜೆ ನಿಮ್ಮ ಮನೆಯ ಮಗು ಪುಸ್ತಕ ಹಿಡಿದು ಏನೋ ಹೇಳಲು ಬಂದರೆ, ಕೈಯಲ್ಲಿರುವ ಕೆಲಸ ಒಂದು ನಿಮಿಷ ಬದಿಗಿಟ್ಟು ಪೂರ್ತಿ ಕೇಳಿ. ನಾನೂ ಅದನ್ನೇ ಕಲಿಯುತ್ತಿದ್ದೇನೆ.